ಸ್ಟೆಂಟ್‌ಗೆ ಮೊದಲು ನಾಳದ ಹದ: ಸುಣ್ಣಗಟ್ಟಿದ ಎಲ್‌ಎಡಿಯ ಒಂದು ಪ್ರಕರಣ

ರೋಗಿಗೆ 67 ವರ್ಷ, ತೂಕ 68 ಕೆ.ಜಿ., ಮನೆ ಬಸವೇಶ್ವರನಗರ. ಕಾರ್ಖಾನೆ ಕೆಲಸದಿಂದ ನಿವೃತ್ತರು. 18 ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಕ್ರಿಯಾಟಿನಿನ್ 1.4, ಅಂದರೆ ಕಿಡ್ನಿಯ ಸೋಸುವ ಶಕ್ತಿ ಸುಮಾರು 55. ಲಾಲ್‌ಬಾಗ್‌ನ ಬಂಡೆ ಅರ್ಧ ಹತ್ತುವಷ್ಟರಲ್ಲಿ ಎದೆ ಹಿಡಿದುಕೊಳ್ಳುತ್ತಿತ್ತು, ನಿಂತರೆ ಮೂರು ನಿಮಿಷದಲ್ಲಿ ಬಿಡುತ್ತಿತ್ತು. ಮೆಟೊಪ್ರೊಲಾಲ್, ನೈಟ್ರೇಟ್, ಐವಾಬ್ರಡಿನ್ ಮೂರನ್ನೂ ಕೊಟ್ಟು ನೋಡಿದ ಮೇಲೂ ಮೊದಲ ಮಹಡಿಗೆ ಹತ್ತುವುದು ಕಷ್ಟವಾಗಿತ್ತು. ಎಕೋದಲ್ಲಿ ಹೃದಯದ ಪಂಪಿಂಗ್ 55 ಶೇಕಡಾ. ಆಂಜಿಯೋಗ್ರಾಮ್‌ನಲ್ಲಿ ಎಲ್‌ಎಡಿಯ ಮಧ್ಯಭಾಗ 90 ಶೇಕಡಾ ಕಿರಿದಾಗಿತ್ತು; ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ ಅದು. ಕಾಂಟ್ರಾಸ್ಟ್ (ನಾಳವನ್ನು ಎಕ್ಸ್-ರೇಯಲ್ಲಿ ತೋರಿಸುವ ದ್ರವ) ಬಿಡುವ ಮೊದಲೇ ನಾಳದ ಎರಡೂ ಬದಿ ರೈಲು ಹಳಿಯಂತೆ ಗೆರೆ ಮಿಡಿಯುತ್ತಿತ್ತು. ಗೋಡೆಯಲ್ಲಿ ಗಟ್ಟಿಯಾಗಿ ಕೂತ ಕ್ಯಾಲ್ಸಿಯಂ, ಅಂದರೆ ಸುಣ್ಣ, ಅದು. ಉಳಿದ ಎರಡು ನಾಳಗಳಲ್ಲಿ ಹೇಳಿಕೊಳ್ಳುವಂಥ ತಡೆ ಇರಲಿಲ್ಲ. (ಇದು ಕಲಿಕೆಗೆಂದು ಹೊಂದಿಸಿ ಬರೆದ ಪ್ರಕರಣ; ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶಗಳನ್ನು ಒಬ್ಬ ರೋಗಿಯ ಮೇಲೆ ಕೂಡಿಸಿದೆ.)

ಮೊದಲ ಪ್ರಯತ್ನ ಬೇರೊಂದು ಕಡೆ ನಡೆದಿತ್ತು. 2.5 ಮಿ.ಮೀ. ನಾನ್-ಕಂಪ್ಲಯಂಟ್ (ಒತ್ತಡ ಏರಿಸಿದರೂ ಅಳತೆ ಮೀರಿ ಹಿಗ್ಗದ) ಬಲೂನನ್ನು 20 ಅಟ್ಮಾಸ್ಫಿಯರ್ ಒತ್ತಡದವರೆಗೆ ಉಬ್ಬಿಸಿದ್ದರು. ಬಲೂನಿನ ಎರಡು ತುದಿ ಉಬ್ಬಿ, ನಡು ಮಾತ್ರ ಡಮರುಗದಂತೆ ಹಿಡಿದುಕೊಂಡಿತ್ತು. ಅವರು ಅಲ್ಲಿಗೇ ನಿಲ್ಲಿಸಿ, ಸ್ಟೆಂಟ್ ಹಾಕದೆ ರೋಗಿಯನ್ನು ಮನೆಗೆ ಕಳಿಸಿದರು. ಮನೆಯವರ ಕಣ್ಣಿಗೆ ಅದು ಸೋಲು. ಆದರೆ ಇಡೀ ಪ್ರಕರಣದಲ್ಲಿ ರೋಗಿಗೆ ಅತಿ ಹೆಚ್ಚು ಉಪಕಾರ ಮಾಡಿದ ನಿರ್ಧಾರ ಅದೇ. ಪೂರ್ತಿ ಬಿಚ್ಚಿಕೊಂಡ ಬಲೂನನ್ನು ಕಾಣದ ಜಾಗದಲ್ಲಿ ಸ್ಟೆಂಟ್ ಬಿಡಬಾರದು. ಸ್ಟೆಂಟ್ ಇರುವುದು ತೆರೆದ ನಾಳವನ್ನು ತೆರೆದೇ ಹಿಡಿಯಲು, ತೆರೆಯಲು ಅಲ್ಲ.

ಅರಳದ ಸ್ಟೆಂಟ್ ಏನು ಮಾಡುತ್ತದೆ

ಸುಣ್ಣದ ಉಂಗುರದೊಳಗೆ 3 ಮಿ.ಮೀ. ಸ್ಟೆಂಟ್ ಬಿಟ್ಟರೆ ಅದು 1.8 ಮಿ.ಮೀ.ಗೇ ನಿಂತುಬಿಡಬಹುದು. ಆಮೇಲೆ ಉಂಗುರಕ್ಕೂ ನಮ್ಮ ಉಪಕರಣಕ್ಕೂ ನಡುವೆ ಲೋಹದ ಬಲೆ ಕೂತಿರುತ್ತದೆ. ಬಲೂನು ಒಡೆಯುವಷ್ಟು ಒತ್ತಡ ಕೊಟ್ಟರೂ ಕೆಲವೊಮ್ಮೆ ಕದಲುವುದಿಲ್ಲ. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವುದಕ್ಕೂ ಮತ್ತೆ ಕಿರಿದಾಗುವುದಕ್ಕೂ ಈ ಅರೆಬರೆ ಅರಳುವಿಕೆಯೇ ಅತಿ ದೊಡ್ಡ ಕಾರಣಗಳಲ್ಲೊಂದು. ಔಷಧಲೇಪಿತ ಸ್ಟೆಂಟ್ ಆದ್ದರಿಂದ ಇನ್ನೊಂದು ನಷ್ಟವೂ ಇದೆ. ಒರಟು ಸುಣ್ಣದ ನಡುವೆ ಸ್ಟೆಂಟನ್ನು ನೂಕುವಾಗ ಮೇಲಿನ ಔಷಧದ ಲೇಪ ಕೆರೆದುಹೋಗಬಹುದು. ಕಂಬಿಗಳು ಗೋಡೆಗೆ ಸಮನಾಗಿ ತಾಗದ ಕಡೆ ಔಷಧವೂ ಸಮನಾಗಿ ಇಳಿಯುವುದಿಲ್ಲ. ತೀರಾ ಬಲವಂತ ಮಾಡಿದರೆ ಸ್ಟೆಂಟ್ ಬಲೂನಿನಿಂದ ಜಾರಿ ನಾಳದಲ್ಲೇ ಉಳಿದುಬಿಡುತ್ತದೆ.

ಬಲೂನಿನ ಒತ್ತಡವನ್ನೇ ಏರಿಸುತ್ತ ಹೋದರೆ ಆಗದೇ ಎಂದು ಕೇಳುವವರಿದ್ದಾರೆ. ಒತ್ತಡ ಎಲ್ಲಿ ಗೋಡೆ ಮೆತ್ತಗಿದೆಯೋ ಅತ್ತ ಹೋಗುತ್ತದೆ. ಒಂದು ಬದಿ ಸುಣ್ಣ, ಇನ್ನೊಂದು ಬದಿ ಮೆದು ಗೋಡೆ ಇದ್ದರೆ ಸುಣ್ಣ ಹಾಗೇ ಉಳಿದು, ಮೆದು ಬದಿ ಸೀಳುತ್ತದೆ. ನಾಳ ತೂತಾಗುವುದು ಹೆಚ್ಚಾಗಿ ಹೀಗೆಯೇ.

ನಾಲ್ಕು ವಾರ ಕಾಯ್ದದ್ದು ಯಾಕೆ

ಹಳೆಯ ಆಂಜಿಯೋಗ್ರಾಮ್‌ನ ಸಿ.ಡಿ.ಯನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದಾಗ, ಬಲೂನು ಉಬ್ಬಿಸಿದ ಜಾಗದ ಮೇಲಂಚಿನಲ್ಲಿ ಕೂದಲೆಳೆಯಂಥ ಒಂದು ಸೀಳು ಕಂಡಿತು. ರಕ್ತದ ಹರಿವಿಗೆ ಅದರಿಂದ ತೊಂದರೆ ಇರಲಿಲ್ಲ. ಆದರೆ ಸುಣ್ಣವನ್ನು ಕೊರೆಯಲು ಬಳಸುವ, ವೇಗವಾಗಿ ತಿರುಗುವ ತುದಿಯಾದ ಬರ್ ಸೀಳಿದ ಪದರಕ್ಕೆ ಸಿಕ್ಕಿದರೆ ಪದರವನ್ನು ಸುತ್ತಿಕೊಂಡು ಉದ್ದಕ್ಕೂ ಕಿತ್ತುಕೊಂಡು ಹೋಗುತ್ತದೆ. ರೋಗಿಯ ಎದೆನೋವು ಸ್ಥಿರವಾಗಿತ್ತು, ಅವಸರ ಇರಲಿಲ್ಲ. ಸೀಳು ಮಾಯಲೆಂದು ನಾಲ್ಕು ವಾರ ಬಿಡಲಾಯಿತು.

ಆ ನಾಲ್ಕು ವಾರದಲ್ಲೇ ಮಾತುಕತೆ ನಡೆಯಿತು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದ ನಂತರ ಒಂದು ಮಾತನ್ನು ನೇರವಾಗಿ ಹೇಳಲೇಬೇಕು: ಸ್ಥಿರವಾದ ಎದೆನೋವಿನಲ್ಲಿ ಸ್ಟೆಂಟ್ ಹಾಕುವುದರಿಂದ ಆಯುಸ್ಸು ಹೆಚ್ಚುತ್ತದೆಂದು ತೋರಿಲ್ಲ, ನೋವು ಕಡಿಮೆಯಾಗಿ ಓಡಾಟ ಸುಲಭವಾಗುತ್ತದೆ. ಎದೆಯ ಒಳಗಿನ ಅಪಧಮನಿಯನ್ನು ಎಲ್‌ಎಡಿಗೆ ಜೋಡಿಸುವ ಬೈಪಾಸ್ ಕೂಡ ಒಳ್ಳೆಯ ದಾರಿಯೇ ಎಂದು ತಿಳಿಸಲಾಯಿತು. ಒಂದೇ ನಾಳದ ತೊಂದರೆಗೆ ಎದೆ ತೆರೆಸಿಕೊಳ್ಳಲು ಅವರು ಒಪ್ಪಲಿಲ್ಲ.

ದುಡ್ಡಿನ ಮಾತನ್ನೂ ಆಗಲೇ ಆಡಬೇಕು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಗರಿಷ್ಠ ದರ ಕಟ್ಟಿತು. ಆಮೇಲೆ ಆಗಾಗ ಪರಿಷ್ಕರಿಸುತ್ತ ಬಂದಿದೆ. ಆ ಮಿತಿ ಸ್ಟೆಂಟ್‌ಗೆ ಮಾತ್ರ. ಸುಣ್ಣ ಒಡೆಯುವ ಬಲೂನಿನ ಬೆಲೆ ಸ್ಟೆಂಟ್‌ನ ಹಲವು ಪಟ್ಟು. ರೋಗಿ ಟೇಬಲ್ ಮೇಲಿರುವಾಗ ಹೊರಗೆ ಬಂದು, 'ಇನ್ನಷ್ಟು ಹೊಂದಿಸಿ' ಎನ್ನುವುದು ಮನೆಯವರಿಗೆ ಮಾಡುವ ಅನ್ಯಾಯ. ಯಾವ ಯಾವ ಉಪಕರಣ ಬೇಕಾಗಬಹುದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಾಗಲಿ ವಿಮೆಯಲ್ಲಾಗಲಿ ಅದರಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಮೊದಲೇ ಬರೆದುಕೊಟ್ಟು ಸಹಿ ಪಡೆಯುವುದು ಸರಿಯಾದ ಕ್ರಮ.

ಅವರ ಹೆಂಡತಿ ಕೇಳಿದ ಪ್ರಶ್ನೆ ಇಲ್ಲಿನ ಎಷ್ಟೋ ಮನೆಗಳದ್ದು. 'ಡಾಕ್ಟ್ರೇ, ಸುಣ್ಣ ಅಂತೀರಲ್ಲ, ರಾಗಿ ಮುದ್ದೆ ನಿಲ್ಲಿಸ್ಬಿಡ್ಲಾ?' 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ನಾಳದ ಸುಣ್ಣ ತಟ್ಟೆಯಿಂದ ನೇರವಾಗಿ ಹೋಗಿ ಕೂತದ್ದಲ್ಲ. ವರ್ಷಗಟ್ಟಲೆ ಉರಿಯೂತ, ಸಕ್ಕರೆ, ಕಿಡ್ನಿಯ ತೊಂದರೆಯಿಂದ ಗೋಡೆಯ ಸ್ನಾಯುಕೋಶಗಳು ಎಲುಬಿನ ಕೋಶಗಳಂತೆ ವರ್ತಿಸತೊಡಗುತ್ತವೆ. ಗೋಡೆ ಎಲುಬಾಗುವ ಕ್ರಿಯೆ ಅದು. ಮುದ್ದೆ ನಿಲ್ಲಿಸಬೇಕಿಲ್ಲ, ಸಕ್ಕರೆಯ ಲೆಕ್ಕಕ್ಕೆ ಗಾತ್ರ ನೋಡಿಕೊಂಡರೆ ಸಾಕು. ನಾಳದ ಸುಣ್ಣವನ್ನು ಕರಗಿಸುವ ಮಾತ್ರೆಯೂ ಇಲ್ಲ.

ಟೇಬಲ್ ಮೇಲೆ

ಹಿಂದಿನ ರಾತ್ರಿಯಿಂದಲೇ ಗಂಟೆಗೆ ಕೆ.ಜಿ.ಗೆ 1 ಮಿ.ಲೀ. ಲೆಕ್ಕದಲ್ಲಿ ಸಲೈನ್. ಕಾಂಟ್ರಾಸ್ಟ್‌ಗೆ ಮೇಲ್ಮಿತಿ 165 ಮಿ.ಲೀ. ಎಂದು ಬೋರ್ಡ್ ಮೇಲೆ ಬರೆದಿಡಲಾಯಿತು: ಕಿಡ್ನಿಯ ಸೋಸುವ ಶಕ್ತಿಯ ಮೂರು ಪಟ್ಟು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೊದಲಿಂದ ನಡೆಯುತ್ತಿದ್ದವು. ಬಲ ಮುಂಗೈಯಿಂದ 6 ಫ್ರೆಂಚ್ (ಸುಮಾರು 2 ಮಿ.ಮೀ.) ದಾರಿ, ಉಪಕರಣಗಳನ್ನು ನಾಳದ ಬಾಯಿಗೆ ಒಯ್ಯುವ ಇಬಿಯು 3.5 ಗೈಡ್ ಕೊಳವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ 7,000 ಯೂನಿಟ್, ಎಸಿಟಿ (ಹೆಪ್ಪುಗಟ್ಟಲು ಹಿಡಿಯುವ ಸಮಯ) 290 ಸೆಕೆಂಡ್. ಟ್ರಾಲಿಯ ಮೇಲೆ ಅನಾಹುತಕ್ಕೆಂದು, ತೂತು ಮುಚ್ಚುವ ಕವರ್ಡ್ ಸ್ಟೆಂಟ್, ಹೃದಯದ ಹೊರಚೀಲವಾದ ಪೆರಿಕಾರ್ಡಿಯಂನಿಂದ ರಕ್ತ ತೆಗೆಯುವ ಸೆಟ್, ಕಳಚಿದ ತುಣುಕು ಹಿಡಿಯುವ ಸ್ನೇರ್, ಬಡಿತ ಇಳಿದರೆ ಕೊಡುವ ಅಟ್ರೊಪಿನ್. ಬಲ ನಾಳವೋ, ದೊಡ್ಡದಾದ ಸರ್ಕಂಫ್ಲೆಕ್ಸೋ (ಹೃದಯದ ಹಿಂಬದಿಗೆ ಹೋಗುವ ನಾಳ) ಆಗಿದ್ದರೆ ತಾತ್ಕಾಲಿಕ ಪೇಸ್‌ಮೇಕರ್ ಹಾಕಿಯೇ ಶುರು ಮಾಡಬೇಕಿತ್ತು. ಎಲ್‌ಎಡಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಉಪಕರಣಗಳಿಗೆ ದಾರಿಯಾಗುವ ಮಾಮೂಲಿ ವೈರ್ ತಡೆಯನ್ನು ಸುಲಭವಾಗಿ ದಾಟಿತು. ನಾಳದೊಳಗೆ ಅಲ್ಟ್ರಾಸೌಂಡ್ ಮಾಡುವ ಐವಸ್ ಕ್ಯಾಥೆಟರ್ ಮಾತ್ರ ತಡೆಯ ಬಾಯಲ್ಲೇ ನಿಂತಿತು. ಬೆಳಕಿನಿಂದ ನೋಡುವ ಒಸಿಟಿ ಸುಣ್ಣದ ದಪ್ಪವನ್ನು ಅಳೆದುಕೊಡುತ್ತದೆ. ಅಲ್ಟ್ರಾಸೌಂಡಿಗೆ ಅದು ಆಗದು, ಸುಣ್ಣದ ಹಿಂದೆ ಅದಕ್ಕೆ ಬರೀ ನೆರಳು. ಒಸಿಟಿಯಲ್ಲಿ 180 ಡಿಗ್ರಿಗಿಂತ ಹೆಚ್ಚು ಸುತ್ತು, 0.5 ಮಿ.ಮೀ.ಗಿಂತ ಹೆಚ್ಚು ದಪ್ಪ, 5 ಮಿ.ಮೀ.ಗಿಂತ ಹೆಚ್ಚು ಉದ್ದ, ಈ ಮೂರೂ ಕಂಡರೆ ಬರೀ ಬಲೂನು ನಂಬಿ ಹೋಗಬಾರದು. ಆದರೆ ಒಸಿಟಿಯ ಪ್ರತಿ ಸಲದ ಚಿತ್ರಕ್ಕೂ ಕಾಂಟ್ರಾಸ್ಟ್ ಬೇಕು. ಈ ಕಿಡ್ನಿಗೆ ಐವಸ್ಸೇ ವಾಸಿ ಎನಿಸಿತು. ಕ್ಯಾಥೆಟರ್ ದಾಟದಿರುವುದೂ ಒಂದು ಉತ್ತರವೇ: ಮೊದಲು ಕೊರೆಯಬೇಕು.

ಕೊರೆಯುವ ಯಂತ್ರ ರೋಟಾಬ್ಲೇಟರ್. ಅಮೆರಿಕದ ಎಂಜಿನಿಯರ್ ಡೇವಿಡ್ ಆಥ್ 1980ರ ದಶಕದಲ್ಲಿ ರೂಪಿಸಿದ್ದು. ಹಿತ್ತಾಳೆ ಬರ್‌ನ ಮುಂಭಾಗಕ್ಕೆ ಮಾತ್ರ ವಜ್ರದ ಪುಡಿ ಅಂಟಿಸಿರುತ್ತಾರೆ. ಅರ ಉಗುರನ್ನು ಸವೆಸುತ್ತದೆ, ಬೆರಳ ತುದಿ ಜಾರಿಕೊಳ್ಳುತ್ತದೆ. ಇಲ್ಲಿಯೂ ಹಾಗೆಯೇ, ಗಟ್ಟಿಯಾದದ್ದು ಸವೆಯುತ್ತದೆ, ಮೆದು ಗೋಡೆ ಸರಿದುಕೊಳ್ಳುತ್ತದೆ. ಏಳುವ ಪುಡಿ ಬಹುಪಾಲು ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಸಾವಕಾಶವಾಗಿ ಕೊರೆದರೆ ಸೂಕ್ಷ್ಮ ನಾಳಗಳನ್ನು ದಾಟಿಹೋಗುತ್ತದೆ. ಒಮ್ಮೆಗೇ ರಾಶಿಯಾಗಿ ಎದ್ದರೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ತಡೆಯ ಆಚೆ ಕಡೆಯ ನಾಳದ ವ್ಯಾಸ 3.0 ಮಿ.ಮೀ. ಇತ್ತು. ಬರ್ ಅದರ ಅರ್ಧದಷ್ಟಿದ್ದರೆ ಸಾಕು, ವ್ಯಾಸದ 0.6 ಪಾಲು ದಾಟಬಾರದು. 1.5 ಮಿ.ಮೀ. ಬರ್ 6 ಫ್ರೆಂಚ್ ಗೈಡ್‌ನಲ್ಲಿ ಹಿಡಿಯುತ್ತದೆ, ಆದ್ದರಿಂದ ಅದೇ ಆಯ್ಕೆ. 1.25ರಿಂದ ಶುರು ಮಾಡುವುದು ಸುರಕ್ಷಿತ ಎಂಬ ನಂಬಿಕೆ ಇದೆ, ಅದು ಯಾವಾಗಲೂ ನಿಜವಲ್ಲ. ಚಿಕ್ಕ ಬರ್ ಸರಿಯಾಗಿ ಕೊರೆಯದೆಯೇ ತಡೆಯಾಚೆ ಜಿಗಿದುಬಿಡಬಹುದು. ಅದರ ಬೆನ್ನಿಗೆ ವಜ್ರವಿಲ್ಲದ್ದರಿಂದ ಹಿಂದಕ್ಕೆ ಬರುವಾಗ ಕೊರೆಯಲಾಗದು. ಹಾಗೆ ಸಿಕ್ಕಿಕೊಂಡ ಬರ್, ರೋಗಿಯನ್ನು ಆಪರೇಷನ್ ಥಿಯೇಟರ್‌ಗೆ ಕೊಂಡೊಯ್ಯುವ ಅಪಾಯ.

ಬರ್ ಓಡುವ ರೋಟಾವೈರ್ 0.009 ಇಂಚಿನ ನೂಲಿನಂಥ ತಂತಿ. ಅದನ್ನು ನೇರವಾಗಿ ತೂರಿಸಲು ಹೋದರೆ ಸೊಟ್ಟಗಾಗುತ್ತದೆ. ಮಾಮೂಲಿ ವೈರ್ ಮೇಲೆ ಸಣ್ಣ ಕೊಳವೆಯಾದ ಮೈಕ್ರೋಕ್ಯಾಥೆಟರ್ ದಾಟಿಸಿ, ಅದರೊಳಗಿಂದ ವೈರ್ ಬದಲಿಸಲಾಯಿತು. ಡಯಾಗನಲ್ ಕವಲಿಗೆ ರಕ್ಷಣೆಯ ವೈರ್ ಹಾಕಿರಲಿಲ್ಲ, ಹಾಕಿದ್ದರೂ ಈಗ ತೆಗೆಯಬೇಕಿತ್ತು. ಪಕ್ಕದಲ್ಲಿ ಎರಡನೇ ವೈರ್ ಇದ್ದರೆ ಬರ್ ಅದನ್ನು ಕತ್ತರಿಸುತ್ತದೆ.

ಬರ್ ದೇಹದೊಳಗೆ ಹೋಗುವ ಮೊದಲು ಹೊರಗೆ ನಾಲ್ಕು ಪರೀಕ್ಷೆ: ಕವಚದ ತುದಿಯಿಂದ ದ್ರಾವಣ ತೊಟ್ಟಿಕ್ಕುತ್ತಿದೆಯೇ, ವೇಗ ಸ್ಥಿರವಾಗಿದೆಯೇ, ಬರ್ ಹಿಂದೆ-ಮುಂದೆ ಸರಿಸುವ ಅಡ್ವಾನ್ಸರ್ ಗುಬುಟು ಸಲೀಸಾಗಿ ಜಾರುತ್ತದೆಯೇ, ಬ್ರೇಕ್ ವೈರನ್ನು ಹಿಡಿಯುತ್ತಿದೆಯೇ. ಯಂತ್ರಕ್ಕೆ ಗಾಳಿ ಒದಗಿಸುವ ಸಿಲಿಂಡರ್‌ನ ಒತ್ತಡವನ್ನು ಟೆಕ್ನಿಷಿಯನ್ ಗಟ್ಟಿಯಾಗಿ ಓದಿ ಹೇಳಬೇಕು. ದ್ರಾವಣ: 1 ಲೀಟರ್ ಸಲೈನ್‌ಗೆ ಹೆಪಾರಿನ್ 10,000 ಯೂನಿಟ್, ನೈಟ್ರೋಗ್ಲಿಸರಿನ್ 5 ಮಿ.ಗ್ರಾಂ., ವೆರಪಾಮಿಲ್ 5 ಮಿ.ಗ್ರಾಂ. ಕಂಪನಿಯ ರೋಟಾಗ್ಲೈಡ್ ದ್ರವ ಬೆರೆಸುವುದಾದರೆ ಮೊಟ್ಟೆಯ ಅಲರ್ಜಿ ಇದೆಯೇ ಎಂದು ಕೇಳಲೇಬೇಕು, ಅದರಲ್ಲಿ ಮೊಟ್ಟೆಯ ಹಳದಿಯ ಅಂಶವಿದೆ.

ತಡೆಗಿಂತ 1.5 ಸೆಂ.ಮೀ. ಹಿಂದೆ ಬರ್ ನಿಲ್ಲಿಸಿ, ಗುಬುಟನ್ನು ಹಿಂದಕ್ಕೆಳೆದು ತಂತಿಯ ಬಿಗಿತ ಸಡಿಲಿಸಿ, ನಿಮಿಷಕ್ಕೆ 1,60,000 ಸುತ್ತಿನಲ್ಲಿ ಶುರು. ಬರ್ ತಡೆಯೊಳಗೆ ಕೂತಿರುವಾಗ ಎಂದೂ ಚಾಲೂ ಮಾಡಬಾರದು. ಕೋಳಿ ಕಾಳು ಹೆಕ್ಕಿದಂತೆ ಮುಟ್ಟಿ ಹಿಂದಕ್ಕೆ, ಮುಟ್ಟಿ ಹಿಂದಕ್ಕೆ. ಒತ್ತಿ ಹಿಡಿಯುವಂತಿಲ್ಲ. ಮೊದಲ ಓಟ 14 ಸೆಕೆಂಡ್, ಎರಡನೆಯದು 17. ನಡುವೆ ಒಂದು ನಿಮಿಷ ಬಿಡುವು, ಇಸಿಜಿ ಮತ್ತು ಬಿಪಿ ಮೊದಲಿನಂತಾದ ಮೇಲೆ ಮುಂದಿನದು.

ಮೂರನೇ ಓಟ

ಎಡವಿದ್ದು ಇಲ್ಲಿ. ಬರ್ ಇನ್ನೇನು ದಾಟುವಂತಿತ್ತು, ಬಿಡಲು ಮನಸ್ಸಾಗದೆ ಓಟ 27 ಸೆಕೆಂಡಿಗೆ ಹೋಯಿತು. ಯಂತ್ರದ ಸದ್ದು ಇಳಿದು ಗೊಗ್ಗರಾಯಿತು, ಪರದೆಯ ಮೇಲೆ ವೇಗ 8,000 ಸುತ್ತು ಕುಸಿಯಿತು. 5,000ಕ್ಕಿಂತ ಹೆಚ್ಚು ಕುಸಿದರೆ ಬರ್ ಅಗತ್ಯಕ್ಕಿಂತ ಬಲವಾಗಿ ಒತ್ತಿಕೊಂಡಿದೆ, ಬಿಸಿಯೇರುತ್ತಿದೆ, ದಪ್ಪ ತುಣುಕು ಏಳುತ್ತಿದೆ ಎಂದರ್ಥ. ಬರ್ ಹಿಂದಕ್ಕೆ ತಂದಾಗ ಎಸ್‌ಟಿ ಗೆರೆ ಇಸಿಜಿಯ ವಿ2ರಿಂದ ವಿ4ರವರೆಗೆ ಎದ್ದಿತ್ತು (ಹೃದಯಕ್ಕೆ ರಕ್ತ ಸಾಲದಿರುವ ಗುರುತು), ಬಿಪಿ 128/74ರಿಂದ 86/54ಕ್ಕೆ ಇಳಿದಿತ್ತು, ಎಲ್‌ಎಡಿಯಲ್ಲಿ ಕಾಂಟ್ರಾಸ್ಟ್ ತೆವಳುತ್ತಿತ್ತು. ಸೀಳು ಇರಲಿಲ್ಲ, ಸೋರಿಕೆ ಇರಲಿಲ್ಲ. ಪುಡಿ ಕಟ್ಟಿಕೊಂಡು, ಸೂಕ್ಷ್ಮ ನಾಳಗಳು ಮುದುಡಿಕೊಂಡು ಹರಿವು ನಿಧಾನವಾಗಿತ್ತು.

ಈ ಹೊತ್ತಿನಲ್ಲಿ ಔಷಧದ ಸರದಿ ಮುಖ್ಯ. ನಾಳ ಹಿಗ್ಗಿಸುವ ಔಷಧವನ್ನೇ ಮೊದಲು ಕೊಟ್ಟರೆ ಬಿಪಿ ಇನ್ನೂ ಬೀಳುತ್ತದೆ. ಹೃದಯದ ನಾಳಗಳೊಳಗೆ ರಕ್ತವನ್ನು ನೂಕುವ ಒತ್ತಡವೇ ಅದು, ಬಿದ್ದರೆ ಹರಿವು ಪೂರ್ತಿ ನಿಲ್ಲುತ್ತದೆ. ಮೊದಲು ಸಲೈನ್ ಮತ್ತು ಸಣ್ಣ ಪ್ರಮಾಣದಲ್ಲಿ ನಾರ್‌ಅಡ್ರಿನಲಿನ್. ಜೊತೆಗೇ ಗೈಡ್ ಮೂಲಕ ಅಡಿನೊಸಿನ್ 100 ಮೈಕ್ರೋಗ್ರಾಂ, ಎರಡು ಸಲ. ಅದರ ಪ್ರಭಾವ ಕೆಲವೇ ಸೆಕೆಂಡು ಇರುವುದರಿಂದ ಬಿಪಿಗೆ ದೊಡ್ಡ ಪೆಟ್ಟಿಲ್ಲ. ಬಿಪಿ 110 ದಾಟಿದ ಮೇಲೆ ನಿಕೊರಾಂಡಿಲ್ 2 ಮಿ.ಗ್ರಾಂ. ಐದನೇ ನಿಮಿಷಕ್ಕೆ ಹರಿವು ಪೂರ್ಣವಾಯಿತು, ಹತ್ತನೇ ನಿಮಿಷಕ್ಕೆ ಎಸ್‌ಟಿ ಕೆಳಗಿಳಿಯಿತು. ಆಮೇಲೆ 10 ಸೆಕೆಂಡಿನ ಕೊನೆಯ ಓಟದಲ್ಲಿ ಬರ್ ಎಲ್ಲೂ ತಡವರಿಸಲಿಲ್ಲ. ಕಡಿಮೆ ವೇಗದ ಡೈನಾಗ್ಲೈಡ್‌ನಲ್ಲಿ ಹೊರಗೆ ತೆಗೆಯಲಾಯಿತು. ಸೆಕೆಂಡುಗಳನ್ನು ಕೂಗಿ ಹೇಳಲು ಒಬ್ಬರನ್ನು ನೇಮಿಸಿ, 20 ಎಂದೊಡನೆ ಹಿಂದಕ್ಕೆ ಬರುವ ನಿಯಮವನ್ನು ಆ ಲ್ಯಾಬ್ ನಂತರ ಕಟ್ಟುನಿಟ್ಟು ಮಾಡಿತು.

ಉಂಗುರ ಒಡೆದದ್ದು

ಈಗ ಐವಸ್ ದಾಟಿತು. 17 ಮಿ.ಮೀ. ಉದ್ದಕ್ಕೆ ಸುಣ್ಣ, ಅದರಲ್ಲಿ 6 ಮಿ.ಮೀ.ನಷ್ಟು ಪೂರ್ತಿ 360 ಡಿಗ್ರಿ ಬಳೆ. ಬರ್ ಒಳಗೆ ನುಣುಪಾದ 1.5 ಮಿ.ಮೀ. ದಾರಿ ಮಾಡಿತ್ತು, ಆದರೆ ಬಳೆ ಎಲ್ಲೂ ಮುರಿದಿರಲಿಲ್ಲ. ಹಲವರು ಅವಸರ ಮಾಡುವುದು ಇಲ್ಲೇ. ದಾರಿಯಾಗಿದೆ, ಸ್ಟೆಂಟ್ ದಾಟುತ್ತದೆ, ಆದರೆ ಅರಳುವುದಿಲ್ಲ. 3.0 ನಾನ್-ಕಂಪ್ಲಯಂಟ್ ಬಲೂನು 16 ಅಟ್ಮಾಸ್ಫಿಯರ್‌ನಲ್ಲಿ ಮತ್ತೆ ಡಮರುಗವಾಯಿತು.

ದೊಡ್ಡ ಬರ್ ಹಾಕಬಹುದಿತ್ತು. ಈಗಷ್ಟೇ ಹರಿವು ಕುಂದಿ ಚೇತರಿಸಿದ ನಾಳಕ್ಕೆ ಇನ್ನೊಂದು ಹೊರೆ ಪುಡಿ ಕಳಿಸುವುದು ಬೇಡವೆನಿಸಿತು. ಬ್ಲೇಡು ಇರುವ ಕಟಿಂಗ್ ಬಲೂನು ಅಗ್ಗ, ಮಧ್ಯಮ ಸುಣ್ಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಉದ್ದದ ಪೂರ್ಣ ಬಳೆಗೆ ಶಾಕ್‌ವೇವ್ ಲಿಥೊಟ್ರಿಪ್ಸಿ ಆರಿಸಲಾಯಿತು. ಕಿಡ್ನಿ ಕಲ್ಲನ್ನು ಒಡೆಯುವ ತತ್ವವೇ, ಬಲೂನಿನೊಳಗೆ. ಅದರ ಮೈ ದಪ್ಪವಾದ್ದರಿಂದ ಬರ್ ಮೊದಲು ದಾರಿ ಮಾಡದಿದ್ದರೆ ದಾಟುತ್ತಲೇ ಇರಲಿಲ್ಲ.

ರೋಟಾವೈರ್ ಬದಲಿಸಿ ಮಾಮೂಲಿ ವೈರ್ ಮತ್ತೆ ಹಾಕಿ, 3.0 × 12 ಮಿ.ಮೀ. ಬಲೂನು ಕಳಿಸಲಾಯಿತು; ನಾಳದ ಅಳತೆಗೆ ಸರಿಸಮ. ಕಾಂಟ್ರಾಸ್ಟ್, ಸಲೈನ್ ಅರ್ಧರ್ಧ ತುಂಬಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಎಳೆಯಬೇಕು. ಅಲೆ ದ್ರವದಲ್ಲಿ ಸಾಗುತ್ತದೆ, ಗಾಳಿ ಅದನ್ನು ನುಂಗುತ್ತದೆ. ಉಬ್ಬಿಸುವುದು ಬರೀ 4 ಅಟ್ಮಾಸ್ಫಿಯರ್, ಗೋಡೆಗೆ ತಾಗಿದರೆ ಸಾಕು. 10 ಸೆಕೆಂಡಿನಲ್ಲಿ 10 ಅಲೆ, ಆಮೇಲೆ 6ಕ್ಕೆ ಏರಿಸಿ ನೋಡಿ, ಇಳಿಸಿ ರಕ್ತ ಹರಿಯಲು ಬಿಡುವುದು. ಬಲೂನು 12 ಮಿ.ಮೀ., ಸುಣ್ಣ 17 ಮಿ.ಮೀ. ಇರುವುದರಿಂದ ಎರಡು ಜಾಗದಲ್ಲಿ, ಸ್ವಲ್ಪ ಒಂದರ ಮೇಲೊಂದು ಬರುವಂತೆ ಸರಿಸಿ, ಒಟ್ಟು 80 ಅಲೆ. ಮಾನಿಟರ್‌ನಲ್ಲಿ ಅಲೆಗೊಂದು ಹೆಚ್ಚುವರಿ ಬಡಿತ ಕಾಣುತ್ತದೆ, ನಿಲ್ಲಿಸಿದೊಡನೆ ಹೋಗುತ್ತದೆ, ಹೊಸಬರು ಗಾಬರಿಯಾಗಬೇಕಿಲ್ಲ. ಒತ್ತಡದ ಮುಳ್ಳು ತಟ್ಟನೆ ಬಿದ್ದರೆ ಬಲೂನು ಸೋರಿದೆ ಎಂದು ತಿಳಿದು ತೆಗೆಯಬೇಕು.

ಐದನೇ ಸುತ್ತಿನಲ್ಲಿ, 6 ಅಟ್ಮಾಸ್ಫಿಯರ್‌ನಲ್ಲೇ ಡಮರುಗದ ನಡು ಬಿಚ್ಚಿಕೊಂಡಿತು. 20 ಅಟ್ಮಾಸ್ಫಿಯರ್‌ಗೆ ಜಗ್ಗದಿದ್ದ ಬಳೆ ಅದು. ಐವಸ್‌ನಲ್ಲಿ ಬಳೆಗೆ ಮೂರು ಕಡೆ ಬಿರುಕು ಕಂಡಿತು. ಖಚಿತಪಡಿಸಿಕೊಳ್ಳಲು 3.0 ನಾನ್-ಕಂಪ್ಲಯಂಟ್ ಬಲೂನು ಮತ್ತೊಮ್ಮೆ: 14ರಲ್ಲಿ ಉದ್ದಕ್ಕೂ ಸಮನಾಗಿ ಅರಳಿತು. ಇಷ್ಟಾದ ಮೇಲೆಯೇ ಸ್ಟೆಂಟ್‌ನ ಪ್ಯಾಕೆಟ್ ಒಡೆದದ್ದು.

3.0 × 28 ಮಿ.ಮೀ. ಔಷಧಲೇಪಿತ ಸ್ಟೆಂಟ್ ತಡೆಯಿಲ್ಲದೆ ಜಾರಿ ಕೂತಿತು, 12 ಅಟ್ಮಾಸ್ಫಿಯರ್. ಒಳಗೆ 3.0 ಬಲೂನಿನಿಂದ 18, ಮೇಲ್ಭಾಗಕ್ಕೆ 3.5 ಬಲೂನಿನಿಂದ 16. ಆ ಸ್ಟೆಂಟ್ ಎಷ್ಟರವರೆಗೆ ಹಿಗ್ಗಬಲ್ಲದೆಂದು ಕಂಪನಿಯ ಪಟ್ಟಿಯಲ್ಲಿ ನೋಡಿಕೊಂಡೇ 3.5 ಹಾಕಬೇಕು. ಐವಸ್‌ನಲ್ಲಿ ಸ್ಟೆಂಟ್‌ನ ಅತಿ ಕಿರಿದಾದ ಜಾಗ 6.2 ಚದರ ಮಿ.ಮೀ. ಆಚೆಯ ಆರೋಗ್ಯವಂತ ನಾಳ 7.1, ಅಂದರೆ 87 ಶೇಕಡಾ. 80 ಶೇಕಡಾ ಮತ್ತು 5.5 ಚದರ ಮಿ.ಮೀ. ದಾಟಿದರೆ ಸಮಾಧಾನ. ಅಂಚುಗಳಲ್ಲಿ ಸೀಳಿಲ್ಲ. ಕಾಂಟ್ರಾಸ್ಟ್ 130 ಮಿ.ಲೀ.

ಸುಣ್ಣ ಕಂಡ ಎಲ್ಲ ನಾಳಕ್ಕೂ ಇಷ್ಟೆಲ್ಲ ಬೇಕೆಂದು ಈ ಪ್ರಕರಣ ಹೇಳುವುದಿಲ್ಲ. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಿಪೇರ್-ಕ್ಯಾಲ್ಕ್ ಅಧ್ಯಯನದಲ್ಲಿ, ಬರ್‌ನಿಂದ ಶುರು ಮಾಡಿದವರಲ್ಲಿ 98 ಶೇಕಡಾ ಮಂದಿಗೆ ಆಯ್ದ ವಿಧಾನವೇ ಯಶಸ್ವಿಯಾಯಿತು. ಕಟಿಂಗ್, ಸ್ಕೋರಿಂಗ್ ಬಲೂನಿನವರಲ್ಲಿ 81 ಶೇಕಡಾ. ಆದರೆ ಆ 81ರಲ್ಲಿ ಬರ್ ಬೇಕಾಗಲೇ ಇಲ್ಲವಲ್ಲ. 2024ರಲ್ಲಿ ಹೊರಬಂದ ಎಕ್ಲಿಪ್ಸ್ ಅಧ್ಯಯನದಲ್ಲೂ, ತೀವ್ರ ಸುಣ್ಣವಿದ್ದವರಿಗೆಲ್ಲ ಆರ್ಬಿಟಲ್ ಎಂಬ ಇನ್ನೊಂದು ಬಗೆಯ ಯಂತ್ರದಿಂದ ಕೊರೆದು ಸ್ಟೆಂಟ್ ಹಾಕಿದ್ದರಿಂದ ಬಲೂನಿಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಒಳಗೆ ನೋಡಿ, ಬಲೂನಿನಿಂದ ಪರೀಕ್ಷಿಸಿ, ಬೇಕಾದವರಿಗೆ ಮಾತ್ರ ಮುಂದಿನ ಮೆಟ್ಟಿಲು ಹತ್ತುವುದು ನಮಗೆ ಸರಿ ಕಾಣುತ್ತದೆ.

48 ಗಂಟೆಯ ನಂತರ ಕ್ರಿಯಾಟಿನಿನ್ 1.5. ಮೂರನೇ ದಿನ ಮನೆಗೆ. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಆರು ತಿಂಗಳು, ಸ್ಟ್ಯಾಟಿನ್ ಹೆಚ್ಚಿನ ಪ್ರಮಾಣದಲ್ಲಿ, ಮೆಟ್‌ಫಾರ್ಮಿನ್ ಕಿಡ್ನಿ ವರದಿ ನೋಡಿ ಮತ್ತೆ ಶುರು. ಹಲ್ಲು ಕೀಳಿಸುವುದಿದ್ದರೂ ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಮಗಳಿಗೂ ಬೇರೆಯಾಗಿ ಹೇಳಲಾಯಿತು.

ಬೆಂಗಳೂರಿನಲ್ಲಿ ರೋಗಿ ಒಂದೇ ಆಸ್ಪತ್ರೆಗೆ ಅಂಟಿಕೊಂಡಿರುವುದು ಅಪರೂಪ. ನಡುರಾತ್ರಿ ಎದೆನೋವು ಬಂದರೆ ಹತ್ತಿರ ಯಾವುದಿದೆಯೋ ಅಲ್ಲಿಗೆ, ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದು ಹೋಗುತ್ತಾರೆ. ಆದ್ದರಿಂದ ಡಿಸ್ಚಾರ್ಜ್ ಪತ್ರದಲ್ಲಿ 'ಎಲ್‌ಎಡಿಗೆ ಸ್ಟೆಂಟ್ ಹಾಕಿದೆ' ಎಂಬ ಒಂದು ಸಾಲು ಸಾಲದು. ಇವರ ಪತ್ರದಲ್ಲಿ ಬರ್ 1.5, ಮೂರನೇ ಓಟದಲ್ಲಿ ಹರಿವು ಕುಂದಿದ್ದು, ಲಿಥೊಟ್ರಿಪ್ಸಿ 80 ಅಲೆ, ಸ್ಟೆಂಟ್‌ನ ಅಳತೆ ಮತ್ತು ಬ್ಯಾಚ್ ನಂಬರ್, ಕೊನೆಯ ವಿಸ್ತೀರ್ಣ 6.2 ಎಲ್ಲವನ್ನೂ ಬರೆದು, ಐವಸ್ ಚಿತ್ರದ ಸಿ.ಡಿ.ಯನ್ನು ಜೊತೆಗಿಟ್ಟು ಕೊಡಲಾಯಿತು.